ಮಗಳ ಕಾಲೇಜು ಚಿಕಾಗೋದ ಸೌತ್ ಸೈಡ್‌ನಲ್ಲಿದೆ, ಕಳಿಸಬಹುದೇ?

ಪ್ರಶ್ನೆ: ಮಗಳಿಗೆ ಚಿಕಾಗೋದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಕಾಲೇಜು ಊರಿನ ಸೌತ್ ಸೈಡ್‌ನಲ್ಲಿದೆಯಂತೆ. ‘ಅಲ್ಲಿ ದಿನಾ ಗುಂಡು ಹಾರುತ್ತೆ, ಕಳಿಸಬೇಡಿ’ ಎಂದು ಅಮೆರಿಕದಲ್ಲಿರುವ ನೆಂಟರೇ ಹೇಳುತ್ತಿದ್ದಾರೆ. ಒಂದೇ ಊರು ಒಂದು ಕಡೆ ಅಷ್ಟು ಶ್ರೀಮಂತ, ಇನ್ನೊಂದು ಕಡೆ ಹೀಗೇಕೆ? ಮನೆ ಹುಡುಕುವಾಗ ಯಾವ ಮಾಹಿತಿಯನ್ನು ನಂಬಬೇಕು?

ಉತ್ತರ: ಕಳಿಸಬಹುದು. ಆದರೆ ಮನೆಯನ್ನು ಬೀದಿ ನೋಡಿ ಆರಿಸಬೇಕು, ದಿಕ್ಕು ನೋಡಿ ಅಲ್ಲ. ಸೌತ್ ಸೈಡ್ ಒಂದು ಬಡಾವಣೆಯ ಹೆಸರಲ್ಲ. ಊರಿನ ಅರ್ಧಕ್ಕಿಂತ ಹೆಚ್ಚು ನೆಲ ಅದೇ. ಚಿಕಾಗೋ ವಿಶ್ವವಿದ್ಯಾಲಯವಿರುವ ಹೈಡ್ ಪಾರ್ಕ್, ಚೈನಾಟೌನ್, ಬ್ರಿಜ್‌ಪೋರ್ಟ್ ಎಲ್ಲವೂ ಅದರೊಳಗೇ ಇವೆ. ಟಿವಿಯಲ್ಲಿ ಹೆಸರು ಕೇಳಿಬರುವ ಎಂಗಲ್‌ವುಡ್ ಕೂಡ ಅಲ್ಲೇ ಇದೆ. ನಿಮ್ಮ ನೆಂಟರು ಹೇಳುವ ‘ಅಲ್ಲಿ’ ಎಂದರೆ ಇವುಗಳಲ್ಲಿ ಯಾವುದು ಎಂದು ಮೊದಲು ಕೇಳಿ.

ಒಟ್ಟು ಲೆಕ್ಕ ಹೀಗಿದೆ. ಚಿಕಾಗೋದಲ್ಲಿ 1974ರಲ್ಲಿ 970 ಕೊಲೆಗಳಾದವು. 1992ರಲ್ಲಿ 940ರ ಆಸುಪಾಸು. 2004ರಲ್ಲಿ ಸಂಖ್ಯೆ 500ರ ಕೆಳಗಿಳಿಯಿತು. 2016ರಲ್ಲಿ ಮತ್ತೆ 750 ದಾಟಿ, 2021ರಲ್ಲಿ 800ರ ಹತ್ತಿರ ಹೋಗಿ, 2024ರಲ್ಲಿ 573ಕ್ಕೆ ಇಳಿಯಿತು. ಊರಿನ ಜನಸಂಖ್ಯೆ ಸುಮಾರು 27 ಲಕ್ಷ. ಅಂದರೆ ಆ ವರ್ಷ ಲಕ್ಷಕ್ಕೆ 21. ಇಡೀ ಅಮೆರಿಕದ ಸರಾಸರಿಯ ಸುಮಾರು ನಾಲ್ಕು ಪಟ್ಟು ಇದು. ಹಗುರವಾಗಿ ತೆಗೆದುಕೊಳ್ಳುವ ಸಂಖ್ಯೆಯಲ್ಲ. ಹಾಗಿದ್ದೂ ಸೇಂಟ್ ಲೂಯಿಸ್, ಬಾಲ್ಟಿಮೋರ್, ಡೆಟ್ರಾಯಿಟ್ ಊರುಗಳ ಪ್ರಮಾಣ ಇದಕ್ಕಿಂತ ಹೆಚ್ಚು. ಈ ಲಕ್ಷಕ್ಕೆ 21 ಎನ್ನುವುದು ಊರ ತುಂಬ ಸಮನಾಗಿ ಹರಡಿಲ್ಲ ಎಂಬುದು ಇನ್ನೂ ಮುಖ್ಯ. ಸೌತ್ ಸೈಡ್ ಮತ್ತು ವೆಸ್ಟ್ ಸೈಡ್‌ನ ಕೆಲವೇ ಪ್ರದೇಶಗಳ ಮೇಲೆ ಅದರ ಬಹುಪಾಲು ಬೀಳುತ್ತದೆ. ಅಲ್ಲೂ ಪ್ರತಿ ಬೀದಿಯ ಮೇಲಲ್ಲ.

ಆ ಪ್ರದೇಶಗಳೇ ಏಕೆ? ‘ಅಲ್ಲಿನ ಜನ ಹಾಗೆ’ ಎಂಬ ಸುಲಭದ ಉತ್ತರವನ್ನು ಚಿಕಾಗೋದಲ್ಲೇ, ನೂರು ವರ್ಷದ ಹಿಂದಿನ ದಾಖಲೆಗಳಿಂದಲೇ ತಳ್ಳಿಹಾಕಲಾಗಿದೆ. ಅಮೆರಿಕದ ಮೊದಲ ಬಾಲ ನ್ಯಾಯಾಲಯ ಶುರುವಾದದ್ದು ಈ ಊರಲ್ಲಿ, 1899ರಲ್ಲಿ. ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕ್‌ಕೇ ಎಂಬ ಇಬ್ಬರು ಸಂಶೋಧಕರು 1900ರಿಂದ 1933ರ ನಡುವಿನ ಮೂರು ಅವಧಿಗಳ ಬಾಲಾಪರಾಧ ಪ್ರಕರಣಗಳನ್ನು ವಿಳಾಸದ ಪ್ರಕಾರ ನಕ್ಷೆಯ ಮೇಲೆ ಗುರುತಿಸಿದರು. ಕಾರ್ಖಾನೆ ಮತ್ತು ರೈಲು ಹಳಿಗಳಿಗೆ ಅಂಟಿಕೊಂಡ, ಬಾಡಿಗೆ ಕಡಿಮೆಯಿದ್ದ ಅದೇ ಪ್ರದೇಶಗಳು ಮೂರೂ ಅವಧಿಗಳಲ್ಲಿ ಮೇಲಿದ್ದವು. ಅಲ್ಲಿ ವಾಸಿಸುವವರು ಮಾತ್ರ ಬದಲಾಗಿದ್ದರು. ಮೊದಲು ಜರ್ಮನರು, ಐರಿಷರು. ಆಮೇಲೆ ಪೋಲೆಂಡ್, ಇಟಲಿಯವರು. ಹೊರಟುಹೋದ ಕುಟುಂಬಗಳ ಮಕ್ಕಳ ಅಪರಾಧ ಹೊಸ ಜಾಗದಲ್ಲಿ ಇಳಿಯುತ್ತಿತ್ತು. ಹಳೆಯ ಜಾಗಕ್ಕೆ ಬಂದ ಹೊಸಬರಲ್ಲಿ ಏರುತ್ತಿತ್ತು.

ಜಾಗದ ಸ್ಥಿತಿ ಬದಲಾದರೆ ಅಪರಾಧವೂ ಬದಲಾಗುತ್ತದೆ ಎನ್ನುವುದಕ್ಕೆ ಊರಿನ ಅತಿ ಪ್ರಸಿದ್ಧ ಕೊಲೆಯ ಸ್ಥಳವೇ ಸಾಕ್ಷಿ. 1929ರ ಫೆಬ್ರವರಿ 14ರಂದು ನಾರ್ತ್ ಕ್ಲಾರ್ಕ್ ಸ್ಟ್ರೀಟ್‌ನ 2122ನೇ ನಂಬರಿನ ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ ಕೊಂದರು. ಅಲ್ ಕಪೋನ್ ಗ್ಯಾಂಗಿನ ಕೆಲಸ ಎಂದು ಎಲ್ಲರೂ ನಂಬಿದ್ದರೂ ಯಾರಿಗೂ ಶಿಕ್ಷೆಯಾಗಲಿಲ್ಲ. ಕಪೋನ್ 1931ರಲ್ಲಿ ಜೈಲಿಗೆ ಹೋದದ್ದು ತೆರಿಗೆ ವಂಚನೆಗೆ. ಆ ಗ್ಯಾರೇಜನ್ನು 1967ರಲ್ಲಿ ಕೆಡವಿದರು. ಇವತ್ತು ಅಲ್ಲಿರುವುದು ಒಂದು ತುಂಡು ಹುಲ್ಲುಹಾಸು, ನಾಲ್ಕಾರು ಮರ. ಸುತ್ತಲಿನ ಲಿಂಕನ್ ಪಾರ್ಕ್ ಊರಿನ ದುಬಾರಿ ಬಡಾವಣೆಗಳಲ್ಲೊಂದು. ಅಲ್ಲಿಗೆ ಸರ್ಕಾರದ ನವೀಕರಣದ ದುಡ್ಡು ಬಂತು, ಬ್ಯಾಂಕ್ ಸಾಲ ಬಂತು. ಬಡ ಪೋರ್ಟೊರಿಕನ್ ಕುಟುಂಬಗಳು ಜಾಗ ಬಿಡಬೇಕಾಯಿತು ಎಂಬುದನ್ನೂ ಜೊತೆಗೆ ಹೇಳಬೇಕು.

ಸೌತ್ ಸೈಡ್‌ನಲ್ಲಿ ನಡೆದದ್ದು ಇದರ ತದ್ವಿರುದ್ಧ. ಮೊದಲ ಮಹಾಯುದ್ಧದ ಹೊತ್ತಿಗೆ ದಕ್ಷಿಣದ ರಾಜ್ಯಗಳಿಂದ ಕಪ್ಪು ಅಮೆರಿಕನ್ನರು ಕಾರ್ಖಾನೆ ಕೆಲಸ ಹುಡುಕಿಕೊಂಡು ಚಿಕಾಗೋಗೆ ಬರತೊಡಗಿದರು. 1910ರಲ್ಲಿ ಊರಿನಲ್ಲಿ ಅವರ ಸಂಖ್ಯೆ ಸುಮಾರು 44 ಸಾವಿರ. 1970ರಲ್ಲಿ 11 ಲಕ್ಷ. ಮೊದಲ ದಶಕಗಳಲ್ಲಿ ಅವರಿಗೆ ಹೆಚ್ಚಾಗಿ ವಾಸಕ್ಕೆ ಬಿಟ್ಟದ್ದು ಸ್ಟೇಟ್ ಸ್ಟ್ರೀಟ್ ಉದ್ದಕ್ಕೂ ಇರುವ ಸಣ್ಣ ಪಟ್ಟಿ. 1919ರ ಜುಲೈನಲ್ಲಿ ಸರೋವರದಲ್ಲಿ ತೇಲುತ್ತಿದ್ದ 17 ವರ್ಷದ ಕಪ್ಪು ಹುಡುಗನೊಬ್ಬ ಬಿಳಿಯರ ದಡದ ಕಡೆ ಹೋದನೆಂದು ಕಲ್ಲು ತೂರಿದರು, ಅವನು ಮುಳುಗಿ ಸತ್ತ. ಆಮೇಲಿನ ಗಲಭೆಯಲ್ಲಿ 38 ಜನ ಸತ್ತರು. ಗೆರೆ ದಾಟಿದರೆ ಏನಾಗುತ್ತದೆ ಎಂದು ಎಲ್ಲರಿಗೂ ತಿಳಿಯಿತು. ‘ಕಪ್ಪು ಜನರಿಗೆ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ’ ಎಂಬ ಷರತ್ತನ್ನು ಮನೆಯ ಪತ್ರದಲ್ಲೇ ಬರೆಸುವುದು 1920ರ ದಶಕದಿಂದ ಹಬ್ಬಿತು. ಸುಪ್ರೀಂ ಕೋರ್ಟ್ ಅದಕ್ಕೆ ಬಲ ಕೊಡುವುದನ್ನು ನಿಲ್ಲಿಸಿದ್ದು 1948ರಲ್ಲಿ. ಅಷ್ಟರಲ್ಲಿ ಪಟ್ಟಿಯೊಳಗಿನ ಮಾಲೀಕರು ಆರು ಕೋಣೆಯ ಒಂದು ಮನೆಯನ್ನು ಆರು ಮನೆ ಮಾಡಿ, ಕೋಣೆಗೊಂದು ಒಲೆ ಇಟ್ಟು, ಒಂದೇ ಬಚ್ಚಲನ್ನು ಹಂಚಿ ಬಾಡಿಗೆ ಎತ್ತುತ್ತಿದ್ದರು.

ಸಾಲದ ಬಾಗಿಲು ಮುಚ್ಚಿದ್ದು ಇದಕ್ಕಿಂತಲೂ ದೊಡ್ಡ ಪೆಟ್ಟು. 1930ರ ದಶಕದಲ್ಲಿ ಅಮೆರಿಕ ಸರ್ಕಾರದ ಗೃಹಸಾಲ ಸಂಸ್ಥೆ ಊರೂರಿನ ನಕ್ಷೆ ಮಾಡಿ ಬಡಾವಣೆಗಳಿಗೆ ನಾಲ್ಕು ದರ್ಜೆ ಕೊಟ್ಟಿತು: ಹಸಿರು, ನೀಲಿ, ಹಳದಿ, ಕೆಂಪು. ಕಪ್ಪು ಜನರಿದ್ದ ಪ್ರದೇಶ ಕೆಂಪು. 1934ರಲ್ಲಿ ಶುರುವಾದ ಸಾಲಖಾತರಿ ಇಲಾಖೆಯೂ ಅಂಥ ಕಡೆ ಖಾತರಿ ಕೊಡುತ್ತಿರಲಿಲ್ಲ. ಬ್ಯಾಂಕ್ ಸಾಲ ಸಿಗದವರು ಮನೆ ಕೊಳ್ಳುವುದು ಹೇಗೆ? ಕರಾರಿನ ಮೇಲೆ. ದಲ್ಲಾಳಿ ಒಬ್ಬ ಬಿಳಿ ಕುಟುಂಬವನ್ನು ‘ಕಪ್ಪು ಜನ ಬರುತ್ತಿದ್ದಾರೆ, ಬೆಲೆ ಬೀಳುತ್ತೆ’ ಎಂದು ಹೆದರಿಸಿ ಮನೆಯನ್ನು ಅಗ್ಗಕ್ಕೆ ಕೊಳ್ಳುತ್ತಿದ್ದ. ಅದನ್ನೇ ಕಪ್ಪು ಕುಟುಂಬಕ್ಕೆ ಎಷ್ಟೋ ಸಲ ಎರಡು ಪಟ್ಟು ಬೆಲೆಗೆ, ಕಂತಿನ ಮೇಲೆ ಮಾರುತ್ತಿದ್ದ. ಕೊನೆಯ ಕಂತು ಕಟ್ಟುವವರೆಗೆ ಕ್ರಯಪತ್ರ ಅವನ ಹೆಸರಲ್ಲೇ. ಒಂದು ಕಂತು ತಪ್ಪಿದರೆ ಮನೆಯೂ ಹೋಯಿತು, ಅದುವರೆಗೆ ಕಟ್ಟಿದ್ದೂ ಹೋಯಿತು; ಅದೇ ಮನೆ ಮುಂದಿನವರಿಗೆ ಮಾರಾಟ. ನಮ್ಮಲ್ಲಿ ನೋಂದಣಿಯಿಲ್ಲದ ಅಗ್ರಿಮೆಂಟ್ ಮೇಲೆ ಸೈಟು ಕೊಂಡು ಕಳೆದುಕೊಂಡವರಿಗೆ ಈ ಸಂಕಟ ಬೇಗ ಅರ್ಥವಾಗುತ್ತದೆ.

ವೆಸ್ಟ್ ಸೈಡ್‌ನ ನಾರ್ತ್ ಲಾನ್‌ಡೇಲ್ ಇದರ ಕೇಂದ್ರವಾಗಿತ್ತು. 1950ರಲ್ಲಿ ಅಲ್ಲಿ ಕಪ್ಪು ಜನ ನೂರಕ್ಕೆ 13, 1960ರಲ್ಲಿ 91. ಹತ್ತೇ ವರ್ಷ. ಕಂತು ತಪ್ಪಬಾರದೆಂದು ಗಂಡ ಹೆಂಡತಿ ಇಬ್ಬರೂ ಎರಡೆರಡು ಕಡೆ ದುಡಿದರು, ಮನೆಯೊಳಗೆ ಬಾಡಿಗೆದಾರರನ್ನು ತುಂಬಿಸಿಕೊಂಡರು, ರಿಪೇರಿ ಮುಂದಕ್ಕೆ ಹಾಕಿದರು. ಮಕ್ಕಳನ್ನು ನೋಡುವವರಿಲ್ಲ, ಸೂರು ಸೋರುತ್ತಿದೆ, ಶಾಲೆ ಪಾಳಿಯಲ್ಲಿ ನಡೆಯುತ್ತಿದೆ. 1968ರಲ್ಲಿ ಈ ಕೊಳ್ಳುವವರೇ ಸಂಘ ಕಟ್ಟಿ ಕಂತು ನಿಲ್ಲಿಸಿ ಹೋರಾಡಿದರು, ಹಲವರ ಕರಾರು ತಿದ್ದುಪಡಿಯೂ ಆಯಿತು. ಅಷ್ಟರಲ್ಲಿ ಹೋದದ್ದು ಹೋಗಿತ್ತು. ಎರಡು ದಶಕಗಳಲ್ಲಿ ಚಿಕಾಗೋದ ಕಪ್ಪು ಕುಟುಂಬಗಳು ಹೀಗೆ ಕಳೆದುಕೊಂಡದ್ದು ಇಂದಿನ ಲೆಕ್ಕದಲ್ಲಿ 300ರಿಂದ 400 ಕೋಟಿ ಡಾಲರ್ ಎಂದು 2019ರ ಒಂದು ಅಧ್ಯಯನ ಅಂದಾಜು ಮಾಡಿತು.

ಅದರ ಹಿಂದೆಯೇ ಕಾರ್ಖಾನೆಗಳು ಮುಚ್ಚಿದವು. 1865ರಲ್ಲಿ ತೆರೆದ ಕಸಾಯಿಖಾನೆಗಳ ಯಾರ್ಡ್ 1971ರಲ್ಲಿ ನಿಂತಿತು. ವಿಸ್ಕಾನ್ಸಿನ್ ಸ್ಟೀಲ್ 1980ರಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಬಾಗಿಲು ಹಾಕಿತು. ಒಂದು ಕಾಲಕ್ಕೆ ಸುಮಾರು 20 ಸಾವಿರ ಜನ ದುಡಿದಿದ್ದ ಸೌತ್ ವರ್ಕ್ಸ್ ಉಕ್ಕಿನ ಕಾರ್ಖಾನೆ 1992ರಲ್ಲಿ ಕೊನೆಯಾಯಿತು. ನಾರ್ತ್ ಲಾನ್‌ಡೇಲ್‌ನಲ್ಲಿ 1960ರಲ್ಲಿ 1 ಲಕ್ಷ 25 ಸಾವಿರ ಜನರಿದ್ದರು, ಈಗ 35 ಸಾವಿರ. ಎಂಗಲ್‌ವುಡ್‌ನಲ್ಲಿ 97 ಸಾವಿರ ಇದ್ದದ್ದು 24 ಸಾವಿರಕ್ಕೆ ಇಳಿದಿದೆ. ನಾಲ್ಕು ಜನರಲ್ಲಿ ಮೂವರು ಹೊರಟುಹೋದ ಊರನ್ನು ಊಹಿಸಿಕೊಳ್ಳಿ: ಅಂಗಡಿ ನಡೆಯುವುದಿಲ್ಲ, ಶಾಲೆ ಮುಚ್ಚುತ್ತದೆ, ಎರಡು ಮನೆಗಳ ನಡುವೆ ನಾಲ್ಕು ಖಾಲಿ ನಿವೇಶನ. ಚಿಕಾಗೋ ನಗರಾಡಳಿತ 2014ರಿಂದ ಕೆಲವು ವರ್ಷ ಅಂಥ ನಿವೇಶನಗಳನ್ನು ಅದೇ ಬೀದಿಯ ಆಸ್ತಿ ಮಾಲೀಕರಿಗೆ ಒಂದೊಂದು ಡಾಲರಿಗೆ ಮಾರಿತು.

ಈಗ ನಿಮ್ಮ ಮಗಳ ಕಾಲೇಜಿನ ನೆಲಕ್ಕೇ ಬರೋಣ. ಅಲ್ಲಿ ಕ್ರೌನ್ ಹಾಲ್ ಎಂಬ ಗಾಜಿನ ಕಟ್ಟಡವಿದೆ, ಮೀಸ್ ವಾನ್ ಡೆರ್ ರೋಹೆ ವಿನ್ಯಾಸ, 1956ರದ್ದು. ವಾಸ್ತುಶಿಲ್ಪ ಕಲಿಯುವವರು ಜಗತ್ತಿನ ಎಲ್ಲೆಡೆಯಿಂದ ನೋಡಲು ಬರುತ್ತಾರೆ. ಆ ಜಾಗದಲ್ಲಿ ಮೊದಲಿದ್ದದ್ದು ಮೆಕ್ಕಾ ಫ್ಲ್ಯಾಟ್ಸ್. 1893ರ ಮಹಾಮೇಳಕ್ಕೆ ಬರುವವರಿಗಾಗಿ 1892ರಲ್ಲಿ ಕಟ್ಟಿದ್ದು. ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಮೇಳದ ಸಂದರ್ಭದಲ್ಲಿ. ಮುಂದೆ ಮೆಕ್ಕಾ ಕಪ್ಪು ಕುಟುಂಬಗಳ ಮನೆಯಾಯಿತು. ಕಾಲೇಜು ಅದನ್ನು ಕೊಂಡಿತು, ಬಾಡಿಗೆದಾರರು ವರ್ಷಗಟ್ಟಲೆ ಹೋರಾಡಿದರು, 1952ರಲ್ಲಿ ಕಟ್ಟಡ ಉರುಳಿತು. 2018ರಲ್ಲಿ ಕ್ರೌನ್ ಹಾಲ್ ಪಕ್ಕ ಕೆಲಸಕ್ಕಾಗಿ ಅಗೆದಾಗ ಮೆಕ್ಕಾದ ನೆಲಮಾಳಿಗೆಯ ಬಣ್ಣದ ಹೆಂಚುಗಳು ಹಾಗೇ ಸಿಕ್ಕವು. ಈ ಊರಿನ ಇತಿಹಾಸ ಅಷ್ಟೇ ಆಳದಲ್ಲಿದೆ, ಒಂದೆರಡು ಅಡಿ.

ಕಾಲೇಜಿನ ದಕ್ಷಿಣಕ್ಕೆ, 35ನೇ ಬೀದಿಯಿಂದ 54ನೇ ಬೀದಿಯವರೆಗೆ, ಸರ್ಕಾರಿ ಬಾಡಿಗೆ ಮನೆಗಳ ಗೋಪುರಗಳು ನಿಂತಿದ್ದವು: ಮೊದಲು ಸ್ಟೇಟ್‌ವೇ ಗಾರ್ಡನ್ಸ್, ಆಮೇಲೆ 1962ರಲ್ಲಿ ಮುಗಿದ ರಾಬರ್ಟ್ ಟೇಲರ್ ಹೋಮ್ಸ್. ಎರಡನೆಯದರಲ್ಲಿ 16 ಮಹಡಿಯ 28 ಕಟ್ಟಡ, ಸುಮಾರು 4,400 ಮನೆ. ಇವು ಏಕೆ ಸೋತವು ಎಂಬುದು ತಿಳಿದುಕೊಳ್ಳಬೇಕಾದ ವಿಷಯ. ದೊಡ್ಡ ಕುಟುಂಬಗಳಿಗೆಂದು ಮೂರು ನಾಲ್ಕು ಕೋಣೆಯ ಮನೆಗಳನ್ನೇ ಕಟ್ಟಿದರು. ಊರಿನಲ್ಲಿ ಸಾಮಾನ್ಯವಾಗಿ ಒಂದು ಮಗುವಿಗೆ ಇಬ್ಬರು ದೊಡ್ಡವರಿದ್ದರೆ, ಇಲ್ಲಿ ಒಬ್ಬ ದೊಡ್ಡವರಿಗೆ ಎರಡಕ್ಕಿಂತ ಹೆಚ್ಚು ಮಕ್ಕಳು. 14ನೇ ಮಹಡಿಯ ತಾಯಿಗೆ ಕೆಳಗೆ ಆಡುವ ಮಗುವನ್ನು ಕೂಗಿ ಕರೆಯಲಾಗದು. ಮಕ್ಕಳಿಗೆ ಲಿಫ್ಟೇ ಆಟದ ಸಾಮಾನು. ಚಿಕಾಗೋದ ಚಳಿಗೆ ಮೈಯೊಡ್ಡಿದ ಲಿಫ್ಟು ಮೊದಲೇ ಕೆಡುತ್ತಿತ್ತು. ಲಿಫ್ಟು ನಿಂತರೆ ಕತ್ತಲ ಮೆಟ್ಟಿಲೇ ದಾರಿ, ಮೆಟ್ಟಿಲು ಗ್ಯಾಂಗಿನ ವಶ. ರಿಪೇರಿಗೆ ದುಡ್ಡು ಬಾಡಿಗೆಯಿಂದ ಬರಬೇಕು. 1969ರಲ್ಲಿ ಬಾಡಿಗೆಯನ್ನು ಆದಾಯದ ಕಾಲು ಭಾಗಕ್ಕೆ ಕಟ್ಟಿದಾಗ ಬಡವರಿಗೆ ಉಸಿರಾಡುವಂತಾಯಿತು, ನಿಜ. ಆದರೆ ಆದಾಯ ಹೆಚ್ಚಿದಷ್ಟೂ ಬಾಡಿಗೆ ಹೆಚ್ಚಿದ್ದರಿಂದ ಕೆಲಸವಿದ್ದವರು ಬಿಟ್ಟುಹೋದರು, ಮನೆಗಳನ್ನು ನಡೆಸುತ್ತಿದ್ದ ಸರ್ಕಾರಿ ವಸತಿ ಸಂಸ್ಥೆಯ ಬೊಕ್ಕಸ ಬತ್ತಿತು. ಪಕ್ಕದಲ್ಲೇ 1961–62ರಲ್ಲಿ ತೆರೆದ ಡ್ಯಾನ್ ರಯಾನ್ ಹೆದ್ದಾರಿ ಗೋಪುರಗಳ ಸಾಲನ್ನು ಬಿಳಿಯರ ಬ್ರಿಜ್‌ಪೋರ್ಟ್‌ನಿಂದ ಬೇರ್ಪಡಿಸಿತು.

2000ದ ಯೋಜನೆಯ ಪ್ರಕಾರ ಊರಿನ ಇಂಥ ಗೋಪುರಗಳಲ್ಲಿ ಬಹುತೇಕ ಎಲ್ಲವನ್ನೂ ಕೆಡವಿದರು. ರಾಬರ್ಟ್ ಟೇಲರ್‌ನ ಕೊನೆಯ ಕಟ್ಟಡ 2007ರಲ್ಲಿ ಹೋಯಿತು. ಕಾಲೇಜಿನ ಸುತ್ತಮುತ್ತ ಅಪರಾಧ ಇಳಿದದ್ದರಲ್ಲಿ ಇದರ ಪಾಲು ದೊಡ್ಡದು. ಆದರೆ ಒಕ್ಕಲೆಬ್ಬಿಸಿದ ಬಹಳ ಕುಟುಂಬಗಳು ಬಾಡಿಗೆಯ ಒಂದು ಪಾಲನ್ನು ಸರ್ಕಾರ ಕೊಡುವ ಚೀಟಿ ಹಿಡಿದು ಹೋದದ್ದು ಇನ್ನೂ ದಕ್ಷಿಣದ, ಇನ್ನೂ ಬಡ ಪ್ರದೇಶಗಳಿಗೆ. ದೊಡ್ಡ ಗ್ಯಾಂಗುಗಳ ನಾಯಕರು ಜೈಲಿಗೆ ಹೋದ ಮೇಲೆ ಉಳಿದವರು ಬೀದಿಗೊಂದು ಗುಂಪಾಗಿ ಒಡೆದರು. ಈಗಿನ ಜಗಳಗಳಲ್ಲಿ ಹೆಚ್ಚಿನವು ಮಾದಕವಸ್ತು ವ್ಯಾಪಾರದ್ದಲ್ಲ, ಹಳೆಯ ಸೇಡಿನವು. ಕೈಗೆ ಪಿಸ್ತೂಲು ಸುಲಭವಾಗಿ ಸಿಗುವುದರಿಂದ ಹತ್ತು ಕೊಲೆಗಳಲ್ಲಿ ಒಂಬತ್ತರಷ್ಟು ಗುಂಡಿನಿಂದಲೇ ಆಗುತ್ತವೆ. ಪೊಲೀಸರು ಮೂಲ ಪತ್ತೆ ಮಾಡಿದ ಬಂದೂಕುಗಳಲ್ಲಿ ಐದಕ್ಕೆ ಮೂರು ಬೇರೆ ರಾಜ್ಯದಿಂದ ಬಂದವು ಎಂದು 2017ರ ನಗರ ವರದಿ ಹೇಳಿತು.

ಇನ್ನು ಮನೆ ಹುಡುಕುವ ಕೆಲಸ. ಮೊದಲು ವಿಳಾಸ ಓದಲು ಕಲಿಯಿರಿ. ಸ್ಟೇಟ್ ಮತ್ತು ಮ್ಯಾಡಿಸನ್ ಬೀದಿಗಳು ಸೇರುವ ಜಾಗ ಸೊನ್ನೆ. ಅಲ್ಲಿಂದ ನಾಲ್ಕೂ ದಿಕ್ಕಿಗೆ ನಂಬರು ಏರುತ್ತದೆ, ಒಂದು ಮೈಲಿಗೆ 800. ದಕ್ಷಿಣದ ಮೊದಲ ಮೂರು ಮೈಲಿಗೆ ಮಾತ್ರ ಈ ಲೆಕ್ಕ ತಪ್ಪುತ್ತದೆ: 1200, 2200, 3100. ಅಲ್ಲಿಂದ ಮುಂದೆ ಮತ್ತೆ ಸರಿ; 39ನೇ ಬೀದಿ ನಾಲ್ಕು ಮೈಲಿ, 47ನೆಯದು ಐದು, 63ನೆಯದು ಏಳು. ಕಾಲೇಜು 31ರಿಂದ 35ನೇ ಬೀದಿಯ ನಡುವೆ ಇದೆ. ‘6300 ಸೌತ್’ ಎಂಬ ಅಗ್ಗದ ಮನೆ ‘ಕಾಲೇಜಿನ ಹತ್ತಿರ’ ಎಂದು ಯಾರಾದರೂ ಹೇಳಿದರೆ, ಅದು ಮೂರೂವರೆ ಮೈಲಿ ದೂರ ಎಂದು ನಿಮಗೆ ಮೈಸೂರಲ್ಲೋ ಹುಬ್ಬಳ್ಳಿಯಲ್ಲೋ ಕೂತೇ ಗೊತ್ತಾಗುತ್ತದೆ.

ಆಮೇಲೆ ನಗರಾಡಳಿತದ ತೆರೆದ ದತ್ತಾಂಶ ತಾಣ, ಅಂದರೆ ಚಿಕಾಗೋ ಡೇಟಾ ಪೋರ್ಟಲ್. ಅಲ್ಲಿ 2001ರಿಂದ ಈಚಿನ ಪ್ರತಿ ದಾಖಲಾದ ಅಪರಾಧವೂ ಇದೆ, ಕೊನೆಯ ಏಳು ದಿನ ಬಿಟ್ಟು. ಕಳೆದ ಮೂರು ವರ್ಷದ್ದನ್ನು ತೆಗೆದುಕೊಂಡು, ನೋಡುತ್ತಿರುವ ಮನೆಯಿಂದ ಅರ್ಧ ಮೈಲಿ ವ್ಯಾಪ್ತಿಗೆ ಸೋಸಿ. ಕಾಲೇಜಿರುವ ಪ್ರದೇಶವನ್ನು ಜನ ಬ್ರಾಂಜ್‌ವಿಲ್ ಎನ್ನುತ್ತಾರೆ. ನಗರಾಡಳಿತದ ಪ್ರದೇಶಗಳ ಪಟ್ಟಿಯಲ್ಲಿ ಆ ಹೆಸರಿಲ್ಲ, 35ನೇ ನಂಬರಿನ ಡಗ್ಲಸ್ ಎಂದು ಹುಡುಕಬೇಕು. ಎಲ್ಲ ಅಪರಾಧವನ್ನೂ ಒಂದೇ ರಾಶಿ ಮಾಡಬೇಡಿ. ಕೊಲೆ ಮತ್ತು ಗುಂಡೇಟು ಹೆಚ್ಚಾಗಿ ಪರಿಚಿತರ ಜಗಳ; ಮನೆಯೊಳಗಿನ ಹಲ್ಲೆಗೆ ಪ್ರತ್ಯೇಕ ಗುರುತಿದೆ, ಅದನ್ನು ಬೇರೆ ಇಡಿ. ಹೊರಗಿನಿಂದ ಬಂದ ವಿದ್ಯಾರ್ಥಿನಿಗೆ ನೇರವಾಗಿ ಸಂಬಂಧಿಸಿದ್ದು ದರೋಡೆ. ಅದರ ಗಂಟೆ ನೋಡಿ, ಜಾಗದ ಕಾಲಂ ನೋಡಿ: ಪಾದಚಾರಿ ದಾರಿಯೇ, ರೈಲು ನಿಲ್ದಾಣವೇ, ಪಾರ್ಕಿಂಗ್ ಜಾಗವೇ.

ಜನ ಎಡವುವ ಜಾಗಗಳಿವು. ನಕ್ಷೆಯ ಚುಕ್ಕಿ ನಿಖರ ಮನೆಯದ್ದಲ್ಲ. ಖಾಸಗಿತನಕ್ಕಾಗಿ ಅದೇ ಬ್ಲಾಕಿನೊಳಗೆ ಸರಿಸಿರುತ್ತಾರೆ. ಮನೆ ಮುಂದೆಯೇ ಚುಕ್ಕಿ ಇದೆ ಎಂದು ಗಾಬರಿ ಬೇಡ. ತಲಾ ಲೆಕ್ಕವೂ ಮೋಸ ಮಾಡುತ್ತದೆ. ಲೂಪ್ ಎಂಬ ನಡುಪೇಟೆಯಲ್ಲಿ ವಾಸಿಸುವವರು 42 ಸಾವಿರ, ಹಗಲು ಬಂದುಹೋಗುವವರು ಲಕ್ಷಗಟ್ಟಲೆ. ಕಳ್ಳತನವನ್ನು ವಾಸಿಗಳಿಂದ ಭಾಗಿಸಿದರೆ ಅದು ಭಯಾನಕವಾಗಿ ಕಾಣುತ್ತದೆ. ಫುಲ್ಲರ್ ಪಾರ್ಕ್ ಎಂಬ ಬಡಾವಣೆಯಲ್ಲಿ ಇರುವುದೇ ಎರಡೂವರೆ ಸಾವಿರ ಜನ. ಒಂದೇ ಕೊಲೆಯಾದರೂ ಲಕ್ಷಕ್ಕೆ 40 ಎಂದು ಬರುತ್ತದೆ. ಹೆದ್ದಾರಿಯ ಮೇಲಿನ ಗುಂಡೇಟು ರಾಜ್ಯ ಪೊಲೀಸರ ಲೆಕ್ಕ, ನಗರ ಪೊಲೀಸರದ್ದಲ್ಲ. ಎರಡು ಪತ್ರಿಕೆಗಳ ಸಂಖ್ಯೆ ಬೇರೆ ಬೇರೆ ಇರುವುದಕ್ಕೆ ಇದೂ ಒಂದು ಕಾರಣ. ಗುಂಡಿನ ಸದ್ದು ಹಿಡಿಯುವ ಯಂತ್ರಗಳನ್ನು ಊರು 2024ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು, ಆ ಎಚ್ಚರಿಕೆಗಳ ಸಂಖ್ಯೆಯನ್ನು ಹಿಂದು ಮುಂದಿನ ವರ್ಷಗಳಿಗೆ ಹೋಲಿಸಬಾರದು. ಸೇಂಟ್ ಲೂಯಿಸ್‌ನ ಪ್ರಮಾಣ ಅಷ್ಟು ಮೇಲಿರುವುದಕ್ಕೂ ಒಂದು ಕಾರಣ 1876ರಲ್ಲಿ ಊರು ತನ್ನ ಕೌಂಟಿಯಿಂದ, ಅಂದರೆ ಜಿಲ್ಲೆಯಿಂದ, ಬೇರೆಯಾಗಿ ಗಡಿ ಚಿಕ್ಕದಾಗಿ ಉಳಿದದ್ದು.

ಅಂಕಿ ಹೇಳದ ಒಂದು ವಿಷಯವಿದೆ, ಅದನ್ನು ಅಲ್ಲಿರುವವರನ್ನೇ ಕೇಳಬೇಕು. 1990ರ ದಶಕದಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಚಿಕಾಗೋದ 343 ನೆರೆಹೊರೆಗಳಲ್ಲಿ 8,782 ಜನರನ್ನು ಮಾತನಾಡಿಸಿದರು. ಮಕ್ಕಳು ಶಾಲೆ ತಪ್ಪಿಸಿ ಬೀದಿ ಮೂಲೆಯಲ್ಲಿ ನಿಂತರೆ ನೆರೆಯವರು ಕೇಳುತ್ತಾರಾ? ಗೋಡೆಗೆ ಬಣ್ಣ ಬಳಿದರೆ? ಮನೆ ಮುಂದೆ ಹೊಡೆದಾಟವಾದರೆ? ಹತ್ತಿರದ ಅಗ್ನಿಶಾಮಕ ಠಾಣೆ ಮುಚ್ಚುತ್ತೇವೆಂದರೆ ಒಟ್ಟಾಗುತ್ತಾರಾ? ‘ಹೌದು’ ಹೆಚ್ಚಿದ್ದ ಕಡೆ, ಬಡತನದ ಪ್ರಭಾವವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಹಿಂಸೆ ಕಡಿಮೆಯಿತ್ತು. ಹಿರಿಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿದಾಗ ‘ಸೇಫಾ?’ ಎಂದು ಕೇಳದೆ ಈ ಪ್ರಶ್ನೆಗಳನ್ನು ಕೇಳಿ. ನಮ್ಮ ಕಡೆಯ ಜಗಲಿ ಕಟ್ಟೆಯ ಕೆಲಸವನ್ನು ಅಲ್ಲಿ ಮನೆ ಮುಂದಿನ ಮೆಟ್ಟಿಲು ಮಾಡುತ್ತದೆ. ಸಂಜೆ ಅಲ್ಲಿ ಜನ ಕೂರುತ್ತಾರೋ ಇಲ್ಲವೋ ತಿಳಿದುಕೊಳ್ಳಿ.

ಮೊದಲ ವರ್ಷಕ್ಕೆ ಹಾಸ್ಟೆಲ್ ಸಿಕ್ಕರೆ ಅದೇ ಒಳ್ಳೆಯದು. ಹೊರಗಾದರೆ ಬ್ರಿಜ್‌ಪೋರ್ಟ್, ಚೈನಾಟೌನ್, ಸೌತ್ ಲೂಪ್ ನೋಡಿ. ನಗರ ರೈಲಿನ ಗ್ರೀನ್ ಅಥವಾ ರೆಡ್ ಲೈನಿನ 35ನೇ ಬೀದಿ ನಿಲ್ದಾಣಕ್ಕೆ ರಾತ್ರಿ ಹತ್ತಕ್ಕೆ ಎಷ್ಟು ನಿಮಿಷ ಒಂಟಿಯಾಗಿ ನಡೆಯಬೇಕು ಎಂಬುದನ್ನೇ ಬಾಡಿಗೆಗಿಂತ ಮೊದಲು ಕೇಳಿ. ರೈಲಿನಲ್ಲಿ ಬಾಗಿಲ ಪಕ್ಕ ಕೂತು ಫೋನ್ ಹಿಡಿದಿರಬಾರದು. ಬಾಗಿಲು ಮುಚ್ಚುವ ಕ್ಷಣಕ್ಕೆ ಕಿತ್ತುಕೊಂಡು ಇಳಿಯುತ್ತಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವುದಿದ್ದರೆ ಇಮೊಬಿಲೈಸರ್, ಅಂದರೆ ಸರಿಯಾದ ಕೀಲಿ ಇಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ಸಾಧನ, ಇದೆಯೇ ನೋಡಿ. ಅದಿಲ್ಲದ 2011–2021ರ ಕೆಲವು ಕಿಯಾ, ಹ್ಯುಂಡೈ ಮಾದರಿಗಳನ್ನು 2022ರಿಂದ ಗುಂಪುಗಟ್ಟಿ ಕದ್ದರು. ಕಂಪನಿಗಳು ಉಚಿತ ಸಾಫ್ಟ್‌ವೇರ್ ತಿದ್ದುಪಡಿ ಕೊಡುತ್ತವೆ, ಅದು ಆಗಿದೆಯೇ ಎಂದು ಕೇಳಿ. ಮನೆಯನ್ನು ನೋಡದೆ, ಫೋಟೋ ನಂಬಿ ಇಲ್ಲಿಂದಲೇ ಅಡ್ವಾನ್ಸ್ ಕಳಿಸಬೇಡಿ. ಅಲ್ಲಿರುವ ಒಬ್ಬರು ಒಳಗೆ ಹೋಗಿ ವಿಡಿಯೋ ಕರೆ ಮಾಡಲಿ, ಬೀಗ ತೆಗೆದವರು ಮಾಲೀಕರೇ ಎಂದು ಖಚಿತವಾಗಲಿ, ಕೊಟ್ಟ ಠೇವಣಿಗೆ ರಸೀದಿ ಬರಲಿ. ಮನೆ ಬಿಟ್ಟ 45 ದಿನದೊಳಗೆ ಠೇವಣಿ ಹಿಂದಿರುಗಿಸಬೇಕೆಂದು ನಗರದ ಬಾಡಿಗೆದಾರರ ಕಾನೂನು ಹೇಳುತ್ತದೆ. ಮಾಲೀಕರೇ ವಾಸವಿರುವ ಆರು ಅಥವಾ ಅದಕ್ಕಿಂತ ಕಡಿಮೆ ಮನೆಗಳ ಕಟ್ಟಡಕ್ಕೆ ಆ ಕಾನೂನು ಅನ್ವಯಿಸುವುದಿಲ್ಲ, ಬ್ರಿಜ್‌ಪೋರ್ಟ್‌ನ ಎರಡು ಮೂರು ಮಹಡಿಯ ಮನೆಗಳಲ್ಲಿ ಅಂಥವು ಬೇಕಾದಷ್ಟಿವೆ. ಅಲ್ಲಿ ಠೇವಣಿಯ ಷರತ್ತನ್ನು ಕರಾರಿನಲ್ಲೇ ಬರೆಸಿಕೊಳ್ಳಿ.